ಅಡಿಕೆ ಅಂಗಳದಲ್ಲಿ ಓಮ್ನಿಯ ಎಂಜಿನ್ ಇಳಿಸಿದ ನಾಲ್ಕು ದಿನ

ನವೆಂಬರ್ ಬಂತೆಂದರೆ ಪೆರ್ಲ, ಬದಿಯಡ್ಕ ಕಡೆಯ ಮನೆಗಳ ಅಂಗಳದಲ್ಲಿ ಅಡಿಕೆ ಒಣಗಲು ಶುರು. 2025ರ ನವೆಂಬರಿನಲ್ಲಿ ನಮ್ಮ ಅಂಗಳದ ಅರ್ಧದಲ್ಲಿ ಅಡಿಕೆ ಇತ್ತು. ಉಳಿದರ್ಧದಲ್ಲಿ 1996ರ ಮಾರುತಿ ಓಮ್ನಿಯೊಂದು ಮುಂದಿನ ಎರಡೂ ಚಕ್ರ ಕಳಚಿಕೊಂಡು, ಮೂತಿ ಮೇಲೆತ್ತಿ ನಿಂತಿತ್ತು. ಅದರ ಸೀಟುಗಳು ಜಗಲಿಯಲ್ಲಿ, ನಟ್ಟು ಬೋಲ್ಟುಗಳು ತುಪ್ಪದ ಡಬ್ಬಗಳಲ್ಲಿ. ದಾರಿಯಲ್ಲಿ ಹೋಗುವವರೆಲ್ಲ ಒಮ್ಮೆ ನಿಂತು ‘ಎಂತ, ಗುಜರಿಗೆ ಕೊಡುದಾ?’ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು.

‘ಕೊಡುದಲ್ಲ, ಎಂಜಿನ್ ಬದಲು ಮಾಡುದು’ ಎಂದು ಅಮ್ಮ ಜಗಲಿಯಿಂದಲೇ ಉತ್ತರ ಕೊಡುತ್ತಿದ್ದರು. ಕಳಚಿಟ್ಟ ಸೀಟುಗಳಲ್ಲಿ ಒಂದರ ಮೇಲೆ ಅವರೇ ಕೂತಿದ್ದರು.

ಈ ವ್ಯಾನ್ ಉಳಿಸಲು ಇಷ್ಟು ಹೆಣಗಾಡಿದ್ದಕ್ಕೆ ಕಾರಣ ಅಮ್ಮನೇ. ಅವರಿಗೆ ಈಗ 78. ಎರಡೂ ಮೊಣಕಾಲು ಮಡಚುವುದಿಲ್ಲ. ತಿಂಗಳಿಗೆ ಎರಡು ಸಲ ಮಂಗಳೂರಿಗೆ ಹೋಗಲೇಬೇಕು. ಈಗಿನ ಕಾರುಗಳಲ್ಲಿ ಕೂರಬೇಕಾದರೆ ಬಗ್ಗಿ, ತಲೆ ತಗ್ಗಿಸಿ, ಕಾಲು ಒಳಗೆ ಎಳೆದುಕೊಳ್ಳಬೇಕು. ಓಮ್ನಿಯಲ್ಲಾದರೆ ಪಕ್ಕಕ್ಕೆ ಸರಿಯುವ ಬಾಗಿಲು ಉಂಟು, ಸೀಟು ಎತ್ತರದಲ್ಲಿ ಉಂಟು. ಒಂದು ಮಣೆ ಇಟ್ಟರೆ ಅಮ್ಮ ನೆಟ್ಟಗೆ ಹತ್ತಿ ಕೂರುತ್ತಾರೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೂ ಮಣ್ಣು ಸುರಿದಿದ್ದ ದಿನಗಳಲ್ಲಿ ಮದ್ದಿಗೆಂದು ಅಣ್ಣ ಎಷ್ಟೆಲ್ಲ ದಾರಿ ಸುತ್ತಿದ ಎಂಬುದು ಬೇರೆಯೇ ಕತೆ. ಆಗಲೂ ಇದ್ದದ್ದು ಇದೇ ವ್ಯಾನ್.

ಓಮ್ನಿಯ ಹುಟ್ಟು ನಮ್ಮ ಜಿಲ್ಲೆಯ ಹುಟ್ಟಿನೊಂದಿಗೇ ಆಯಿತು ಎನ್ನಬಹುದು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಅದೇ ವರ್ಷ ‘ಮಾರುತಿ ವ್ಯಾನ್’ ಎಂಬ ಹೆಸರಲ್ಲಿ ಇದು ರಸ್ತೆಗೆ ಬಂತು, 1988ರಲ್ಲಿ ‘ಓಮ್ನಿ’ ಎಂದಾಯಿತು. ಹೊಸ ಸುರಕ್ಷತಾ ನಿಯಮಗಳಿಗೆ ಹೊಂದದೆ 2019ರಲ್ಲಿ ಕಂಪೆನಿ ಇದನ್ನು ತಯಾರಿಸುವುದನ್ನೇ ನಿಲ್ಲಿಸಿತು. ಮದುವೆಯ ಪಾತ್ರೆ, ಹಾಲಿನ ಕ್ಯಾನು, ಹೆರಿಗೆಯ ಹೆಂಗಸು, ಭೂತದ ಅಣಿ, ಚುನಾವಣೆಯ ಮೈಕು ಎಲ್ಲವನ್ನೂ ಹೊತ್ತ ಗಾಡಿ ಇದು. ಅಪಘಾತವಾದರೆ ಮುಂದೆ ಕೂತವರ ಕಾಲಿಗೂ ಹೊರಗಿನ ಜಗತ್ತಿಗೂ ನಡುವೆ ಒಂದು ತಗಡು ಮಾತ್ರ ಎಂಬುದೂ ಸತ್ಯವೇ. ಅಣ್ಣ 50ರ ಮೇಲೆ ಓಡಿಸುವುದಿಲ್ಲ.

ಬಣ್ಣ ಬದಲಾದ ಎಣ್ಣೆ

ಕತೆ ಶುರುವಾದದ್ದು ಕುಂಬಳೆ ಹತ್ತಿರ. ರೇಡಿಯೇಟರಿನ ಹಳೆಯ ರಬ್ಬರ್ ಪೈಪು ಒಡೆದು ನೀರು ಹೋದದ್ದು ಅಣ್ಣನಿಗೆ ಗೊತ್ತಾಗಲಿಲ್ಲ. ಸೀಟಿನಡಿಯಿಂದ ಬಿಸಿ ಏರಿದ ಮೇಲೆಯೇ ಗೊತ್ತಾದದ್ದು. ಮನೆಗೆ ಎಳೆದು ತಂದು ಎಣ್ಣೆಯ ಕಡ್ಡಿ ತೆಗೆದು ನೋಡಿದರೆ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣ. ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ಎಣ್ಣೆಗೆ ನೀರು ಸೇರಿದೆ. ಅಷ್ಟೇ ಆಗಿದ್ದರೆ ರಿಪೇರಿ ಮಾಡಬಹುದಿತ್ತು. ಆದರೆ ಈ ಎಂಜಿನಿನ ಬೋರನ್ನು ಆಗಲೇ ಎರಡು ಸಲ ದೊಡ್ಡದು ಮಾಡಿಸಿ ಆಗಿತ್ತು. ‘ಇನ್ನು ಕೊರೆದ್ರೆ ಹಾಕ್ಲಿಕ್ಕೆ ಪಿಸ್ಟನ್ ಸಿಕ್ಕುದಿಲ್ಲ ಮಾಷೇ’ ಎಂದರು ಕಾಕ.

ಕಾಕನ ಬಗ್ಗೆ ಎರಡು ಮಾತು ಹೇಳಬೇಕು. ನಲವತ್ತು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿ, ಈಗ ಅಂಗಡಿ ಮಗನಿಗೆ ಬಿಟ್ಟು ಮನೆಯಲ್ಲಿರುವವರು. ಅಣ್ಣ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಕಾಕನ ಮಕ್ಕಳು ಅವನ ವಿದ್ಯಾರ್ಥಿಗಳು. ಗ್ಯಾರೇಜಿಗೆ ಎಳೆದುಕೊಂಡು ಹೋಗುವ ಖರ್ಚು, ಅಲ್ಲಿ ವಾರಗಟ್ಟಲೆ ಸರದಿ ಕಾಯುವುದು, ಇವೆಲ್ಲ ಯಾಕೆ, ಮನೆಯಲ್ಲೇ ಇಳಿಸುವ ಎಂದು ಹೇಳಿದವರು ಅವರೇ. ‘ಆದ್ರೆ ನಾನು ಅಡಿಗೆ ಹೋಗುದಿಲ್ಲ, ವಯಸ್ಸಾಯ್ತು. ನಾನು ಹೇಳ್ತೇನೆ, ನೀವು ಮಾಡಿ. ನಾನು ನಿಲ್ಲಿ ಅಂದ್ರೆ ನಿಲ್ಬೇಕು’ ಎಂಬ ಕರಾರಿನೊಂದಿಗೆ.

ಅಣ್ಣನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಅವನಿಗೆ ಬೇರೆಯೇ ಯೋಚನೆ. ಹೇಗೂ ಎಂಜಿನ್ ಬದಲಿಸುವುದಾದರೆ ಈಕೋದ 1196 ಸಿಸಿ ಎಂಜಿನನ್ನೇ ಕೂರಿಸಿಬಿಡುವ, ಘಾಟಿ ಹತ್ತುವಾಗ ಗೊತ್ತೇ ಆಗುವುದಿಲ್ಲ ಎಂದು. ನಮ್ಮ ಓಮ್ನಿಯದ್ದು ಮೂರು ಸಿಲಿಂಡರಿನ 796 ಸಿಸಿ, ಕಾರ್ಬುರೇಟರಿನದ್ದು. ‘ಬ್ರೇಕು, ಗೇರ್‌ಬಾಕ್ಸು, ಹಿಂದಿನ ಆ್ಯಕ್ಸಲು ಎಲ್ಲ ಹಳೆಯ ಲೆಕ್ಕದ್ದೇ ಇರ್ತದಲ್ಲ, ಎಂಜಿನ್ ಮಾತ್ರ ದೊಡ್ಡದಾದ್ರೆ ನಿಲ್ಲಿಸುವವರು ಯಾರು?’ ಎಂದು ಕಾಕ ಒಂದೇ ಮಾತಿನಲ್ಲಿ ಮುಗಿಸಿದರು. ಕಾನೂನೂ ಅದನ್ನೇ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದ್ದೇ ಒಂದು ಪ್ರಕರಣದಲ್ಲಿ, ತಯಾರಕರು ಮೂಲದಲ್ಲಿ ನಿಗದಿ ಮಾಡಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದಿದೆ. ಆದುದರಿಂದ ಅದೇ ಜಾತಿಯ ಎಂಜಿನ್ ಹುಡುಕುವುದೆಂದು ತೀರ್ಮಾನವಾಯಿತು. ಹುಡುಗನಿಗೆ ಸಮಾಧಾನ ಇರಲಿಲ್ಲ.

ಮಾರುತಿ 800 ಕಾರಿನ ಎಂಜಿನೂ 796 ಸಿಸಿಯದ್ದೇ, ಒಂದೇ ವಂಶದ್ದು. ಅದನ್ನೇ ಹಾಕಬಹುದಲ್ಲ ಎಂದು ಕೇಳುವವರು ಬಹಳ. ಕಾರಿನಲ್ಲಿ ಅದು ಮುಂದೆ ಅಡ್ಡಲಾಗಿ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಓಮ್ನಿಯಲ್ಲಿ ಮುಂದಿನ ಸೀಟಿನಡಿ ಉದ್ದಕ್ಕೆ ಮಲಗಿ, ಶಾಫ್ಟಿನ ಮೂಲಕ ಹಿಂದಿನ ಚಕ್ರ ತಿರುಗಿಸುತ್ತದೆ. ಗೇರ್‌ಬಾಕ್ಸ್, ಕೂರಿಸುವ ಜಾಗ ಎಲ್ಲ ಬೇರೆ. ಹಾಗೆಯೇ ನಂತರ ಬಂದ ಎಂಪಿಐ ಓಮ್ನಿಯ ಎಂಜಿನ್ ಹಾಕಬೇಕಾದರೆ ಅದರ ಕಂಪ್ಯೂಟರ್ ಡಬ್ಬಿ, ವಯರಿಂಗು, ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಎಲ್ಲವೂ ಬೇಕು. ಸಿಕ್ಕಿತೆಂದು ತಂದು ಅಂಗಳದಲ್ಲಿ ಇಟ್ಟುಕೊಂಡು ಕೂತವರನ್ನು ಕಾಕ ಕಂಡಿದ್ದಾರಂತೆ.

ಎರಡು ಎಂಜಿನ್, ಒಂದು ಬಿಲ್ಲು

ಮಂಗಳೂರಿನಲ್ಲಿ ಎರಡು ಸಿಕ್ಕಿತು. ಒಂದು 12 ಸಾವಿರಕ್ಕೆ, ನೋಡಲು ಚೆಂದ, ಪೇಂಟು ಹೊಡೆದದ್ದು. ಬಿಲ್ಲು ಕೇಳಿದರೆ ‘ಬಿಲ್ಲು ಎಂತಕ್ಕೆ, ನಂಬಿಕೆ ಇಲ್ವಾ?’ ಎಂದರು ಅಂಗಡಿಯವರು. ಕಾಕ ಬ್ಲಾಕಿನ ಮೇಲೆ ನಂಬರು ಹೊಡೆದ ಜಾಗವನ್ನು ಬೆರಳಿನಿಂದ ಸವರಿ ನೋಡಿದರು, ಏನೂ ಮಾತಾಡದೆ ಹೊರಗೆ ಬಂದರು. ನಂಬರಿನ ಆಸುಪಾಸು ಅರದಿಂದ ಉಜ್ಜಿದ ಹಾಗೆ ಇತ್ತು ಎಂದು ಆಮೇಲೆ ಹೇಳಿದರು. ಕದ್ದ ಗಾಡಿಯ ಎಂಜಿನ್ ಆಗಿದ್ದರೆ ನಾಳೆ ಪೊಲೀಸರಿಗೆ ಉತ್ತರ ಹೇಳಬೇಕಾದವನು ಅಂಗಡಿಯವನಲ್ಲ, ಗಾಡಿಯ ಯಜಮಾನ.

ಇನ್ನೊಂದು ಇನ್ನೊಂದು ಅಂಗಡಿಯಲ್ಲಿ. 19 ಸಾವಿರ. ತುಕ್ಕು ಹಿಡಿದಿತ್ತು, ಮಣ್ಣು ಮೆತ್ತಿತ್ತು. ಆದರೆ ಎಂಜಿನ್ ನಂಬರು ಬರೆದ ಬಿಲ್ಲು, ಯಾವ ಗಾಡಿಯಿಂದ ತೆಗೆದದ್ದೋ ಅದರ ರಿಜಿಸ್ಟ್ರೇಷನ್ ರದ್ದಾದ ಕಾಗದದ ನಕಲು, ಎರಡೂ ಸಿಗುತ್ತದೆ ಎಂದರು. ಕಾಕ ಅಲ್ಲಿಯೇ ಕೂತು ಕಂಪ್ರೆಷನ್ ಮೀಟರ್ ಹಾಕಿ ಮೂರೂ ಸಿಲಿಂಡರ್ ನೋಡಿದರು. ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ಲೆಕ್ಕ ಬರಬೇಕು. ಎರಡರಲ್ಲಿ ಸರಿ ಇತ್ತು, ಒಂದರಲ್ಲಿ ಸ್ವಲ್ಪ ಕಡಿಮೆ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ನೋಡಿದರು. ಎಣ್ಣೆ ಬಿಟ್ಟ ಮೇಲೆ ಏರಿದರೆ ಪಿಸ್ಟನ್ ರಿಂಗು ಸವೆದಿದೆ ಎಂದು ಅರ್ಥ, ಏರದಿದ್ದರೆ ಸೋರುವುದು ವಾಲ್ವಿನಲ್ಲಿ. ಏರಲಿಲ್ಲ. ‘ವಾಲ್ವ್ ಆದ್ರೆ ಹೆಡ್ ಬಿಚ್ಚಿ ತೀಡಿದ್ರೆ ಆಯ್ತು. ತಕ್ಕೊಳ್ಳಿ’ ಎಂದರು.

ಏಳು ಸಾವಿರ ಹೆಚ್ಚು ಕೊಡುವಾಗ ಅಣ್ಣನ ಮುಖ ಸಣ್ಣದಾದದ್ದು ಹೌದು. ಬಿಲ್ಲಿನ ಬೆಲೆ ಆಮೇಲೆ ಗೊತ್ತಾಯಿತು.

ಬಿಚ್ಚುವ ಕೆಲಸ

ಓಮ್ನಿಯ ಎಂಜಿನನ್ನು ಮೇಲಕ್ಕೆ ಎತ್ತಿ ತೆಗೆಯಲು ಆಗುವುದಿಲ್ಲ. ಮೇಲೆ ಮಾಡು ಉಂಟು. ಕೆಳಗೆ ಇಳಿಸಿ, ಗಾಡಿಯ ಅಡಿಯಿಂದ ಹೊರಗೆಳೆಯಬೇಕು. ಹಾಗಾಗಿ ಎಂಜಿನ್ ಎಷ್ಟು ಎತ್ತರವೋ ಅಷ್ಟು ಗಾಡಿಯ ಮೂತಿ ಮೇಲೇರಬೇಕು. ಕಾಕ ತಂದಿಟ್ಟ ಎಂಜಿನಿನ ಪಕ್ಕದಲ್ಲಿ ಒಂದು ಅಡಿಕೆ ಸಲಾಕೆ ನಿಲ್ಲಿಸಿ, ಸಂಪಿನ ಅಡಿಯಿಂದ ಮೇಲಿನ ತುದಿಯವರೆಗೆ ಗುರುತು ಹಾಕಿ, ನಾಲ್ಕು ಬೆರಳು ಹೆಚ್ಚಿಗೆ ಸೇರಿಸಿ ಕತ್ತರಿಸಿದರು. ನಾಲ್ಕು ದಿನವೂ ಅದೇ ನಮ್ಮ ಅಳತೆಗೋಲು.

ಮೊದಲು ಬ್ಯಾಟರಿಯ ನೆಗೆಟಿವ್ ವಯರು ಕಳಚಿದ್ದು. ಪೆಟ್ರೋಲು ಪೈಪು ಬಿಚ್ಚುವಾಗ ಒಂದು ಕಿಡಿ ಸಾಕಲ್ಲ. ಆಮೇಲೆ ರೇಡಿಯೇಟರಿನ ನೀರು ಖಾಲಿ ಮಾಡಿದ್ದು. ಈ ಹಸಿರು ಕೂಲಂಟ್ ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ. ಬಾಲ್ದಿಗೆ ಹಿಡಿದು ಮುಚ್ಚಳ ಹಾಕಿ ಅಟ್ಟದ ಮೇಲಿಟ್ಟೆವು, ನಮ್ಮ ನಾಯಿಯನ್ನು ಕಟ್ಟಿದೆವು. ಎಂಜಿನ್ ಎಣ್ಣೆಯೂ ಡಬ್ಬಕ್ಕೇ ಹೋಯಿತು. ಬಾವಿ ಇರುವುದು ಅಂಗಳದಿಂದ ಹತ್ತು ಮಾರು ದೂರದಲ್ಲಿ.

ಕಾರ್ಬುರೇಟರಿನ ಪೈಪುಗಳು, ಆಕ್ಸಿಲರೇಟರ್ ಕೇಬಲು, ಚೋಕ್ ಕೇಬಲು, ಕ್ಲಚ್ ಕೇಬಲು, ಸ್ಪೀಡೋಮೀಟರ್ ಕೇಬಲು, ಸ್ಟಾರ್ಟರಿನ ವಯರು, ಆಲ್ಟರ್ನೇಟರಿನ ವಯರು, ಗೇರಿನ ಸರಳು. ಒಂದೊಂದಕ್ಕೂ ಹಳೆಯ ಮದುವೆ ಕಾಗದದ ತುಂಡಿನಲ್ಲಿ ನಂಬರು ಬರೆದು ಕಟ್ಟುವ ಕೆಲಸ ಬಾವನದ್ದು. ಹುಡುಗ ಎಲ್ಲದರ ಫೋಟೊ ಹೊಡೆಯುತ್ತಿದ್ದ. ಬಾವನ ಕಾಗದ ದಂಡ ಎಂದು ತಮಾಷೆ ಮಾಡುತ್ತಿದ್ದ.

ಒಂದು ದಿನವನ್ನೇ ನುಂಗಿದ್ದು ಸೈಲೆನ್ಸರ್ ಪೈಪಿನ ಬೋಲ್ಟುಗಳು. ನಮ್ಮ ಊರಿನ ಮಳೆಗೆ ಮೂವತ್ತು ವರ್ಷ ನೆಂದ ಬೋಲ್ಟು ಸುಲಭದಲ್ಲಿ ಬರುತ್ತದಾ? ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಎರಡು ಬಂತು, ಮೂರನೆಯದು ಅರ್ಧಕ್ಕೆ ತುಂಡಾಯಿತು. ‘ಹಳೇ ಎಂಜಿನಲ್ಲಿ ತಾನೇ ಉಳಿದದ್ದು, ಅಳುದು ಬೇಡ’ ಎಂದರು ಕಾಕ.

ಹಿಂದಿನ ಆ್ಯಕ್ಸಲಿಗೆ ಹೋಗುವ ಶಾಫ್ಟು ಕಳಚುವಾಗ ಎರಡು ಸಂಗತಿ. ಜೋಡಿಸಿದ ಜಾಗದಲ್ಲಿ ಎರಡೂ ಬದಿಗೆ ಒಂದು ಗೀರು ಹಾಕಬೇಕು, ಪುನಃ ಅದೇ ತರ ಕೂರದಿದ್ದರೆ ಗಾಡಿ ನಡುಗುತ್ತದೆ. ಇನ್ನೊಂದು, ಶಾಫ್ಟನ್ನು ಗೇರ್‌ಬಾಕ್ಸಿನಿಂದ ಎಳೆದ ಕೂಡಲೇ ಎಣ್ಣೆ ಸುರಿಯುತ್ತದೆ. ಇದು ನಮಗೆ ಗೊತ್ತಿತ್ತು, ಆದರೂ ಬಾಲ್ದಿ ತರಲು ಮರೆತೆವು. ಅಡಿಕೆ ಒಣಗಿಸುವ ಅಂಗಳದಲ್ಲಿ ಒಂದು ಕಪ್ಪು ಕಲೆ ಈಗಲೂ ಉಂಟು. ಅತ್ತಿಗೆ ದಿನಕ್ಕೊಮ್ಮೆ ಅದನ್ನು ನೋಡುತ್ತಾರೆ, ಆಮೇಲೆ ನಮ್ಮನ್ನು ನೋಡುತ್ತಾರೆ. ಶಾಫ್ಟು ಕಳಚಿದ ಮೇಲೆ ಗಾಡಿಯನ್ನು ಗೇರಿನಲ್ಲಿ ಇಟ್ಟರೂ ಪ್ರಯೋಜನವಿಲ್ಲ, ಚಕ್ರಕ್ಕೂ ಎಂಜಿನಿಗೂ ಸಂಬಂಧವೇ ಇರುವುದಿಲ್ಲ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಇಡಲೇಬೇಕು. ಅದನ್ನು ಕಾಕ ಮೂರು ಸಲ ಕೈಯಿಟ್ಟು ಅಲ್ಲಾಡಿಸಿ ನೋಡಿದರು.

ಮುರಕಲ್ಲು ಒಡೆದ ಹೊತ್ತು

ಮೂರನೆಯ ದಿನ ಮಧ್ಯಾಹ್ನ. ಗಾಡಿಯ ಮೂತಿ ಎತ್ತಲು ಗ್ಯಾರೇಜಿನಿಂದ ತಂದ ಕಬ್ಬಿಣದ ಸ್ಟ್ಯಾಂಡುಗಳ ಎತ್ತರ ಸಾಲಲಿಲ್ಲ. ಕಾಕ ನಮಾಜಿಗೆಂದು ಮನೆಗೆ ಹೋಗಿದ್ದರು. ಹಿತ್ತಿಲಿನಲ್ಲಿ ಮುರಕಲ್ಲು ರಾಶಿ ಇತ್ತು, ಆಲದ ಮರದಂತೆ ಮನೆಗಳು ನಿಂತಿರುವುದೇ ಅದರ ಮೇಲಲ್ಲವೇ ಎಂದು ನಾನೂ ಬಾವನೂ ಬಲಬದಿಗೆ ಒಂದರ ಮೇಲೊಂದು ಎರಡು ಕಲ್ಲು ಇಟ್ಟು ಜಾಕ್ ಇಳಿಸತೊಡಗಿದೆವು.

ಕಾಕ ಬಂದವರೇ ದೂರದಿಂದಲೇ ಕೂಗಿದರು. ಅಡಿಯಲ್ಲಿ ಮಲಗಿ ಬೋಲ್ಟು ನೋಡುತ್ತಿದ್ದ ಹುಡುಗ ಹೊರಗೆ ಬಂದ. ‘ಯಾರು ಕಲ್ಲು ಇಟ್ಟದ್ದು?’ ಎಂದು ಕೇಳಿ, ಉತ್ತರಕ್ಕೂ ಕಾಯದೆ, ಕಳಚಿಟ್ಟಿದ್ದ ಚಕ್ರವೊಂದನ್ನು ಉರುಳಿಸಿ ಗಾಡಿಯ ಅಡಿಗೆ ತಳ್ಳಿದರು. ಅದಾಗಿ ಎರಡು ನಿಮಿಷ ಆಗಿರಲಿಕ್ಕಿಲ್ಲ. ಕಲ್ಲು ‘ಚಟ್’ ಎಂದಿತು. ಮೇಲಿನ ಕಲ್ಲು ನಡುವಿನಲ್ಲಿ ಬಿರಿದು ಕೆಂಪು ಪುಡಿಯಾಗಿ ಕೆಳಗೆ ಕೂತಿತು, ಗಾಡಿ ವಾಲಿ ಆ ಚಕ್ರದ ಮೇಲೆ ನಿಂತಿತು.

ಯಾರೂ ಮಾತಾಡಲಿಲ್ಲ. ಹುಡುಗ ಮಲಗಿದ್ದ ಗೋಣಿ ಅಲ್ಲಿಯೇ ಇತ್ತು.

ಮುರಕಲ್ಲು ಗೋಡೆಯಲ್ಲಿ ಗಟ್ಟಿ. ಅಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡುತ್ತದೆ. ಗಾಡಿಯ ಚಾಸಿಯ ಅಂಚು ಒಂದೇ ಗೆರೆಯಲ್ಲಿ ಒತ್ತಿದರೆ, ಒಳಗೆಲ್ಲ ತೂತಿರುವ ಆ ಕಲ್ಲು ಹೇಳದೆ ಕೇಳದೆ ಬಿರಿಯುತ್ತದೆ. ಹಾಲೋಬ್ಲಾಕ್ ಇಟ್ಟರೂ ಇದೇ ಗತಿ. ಮರವಾದರೆ ಮುರಿಯುವ ಮೊದಲು ಕರಕರ ಎನ್ನುತ್ತದೆ, ಕಲ್ಲು ಎನ್ನುವುದಿಲ್ಲ. ಬರೇ ಜಾಕನ್ನು ನಂಬಿ ಗಾಡಿಯಡಿ ಮಲಗುವುದೂ ಅಷ್ಟೇ. ಜಾಕ್ ಎತ್ತಲಿಕ್ಕೆ ಮಾತ್ರ, ಹೊತ್ತು ನಿಲ್ಲಲಿಕ್ಕಲ್ಲ.

ಕಾಕ ಬೈಯಲಿಲ್ಲ. ‘ಇವತ್ತು ಸಾಕು. ಚಾಯ ಕುಡಿಯುವ’ ಎಂದರು. ಚಾಯ ಕುಡಿಯುವಾಗ ಅಮ್ಮ, ‘ಕಾಕ, ನನಗೆ ಗಾಡಿ ಬೇಡ, ಬಸ್ಸಲ್ಲಿ ಹೋಗ್ತೇನೆ’ ಎಂದರು. ಅವರು ಬಸ್ಸು ಹತ್ತಿ ಆರು ವರ್ಷವಾಗಿತ್ತು. ಕಾಕ ಲೋಟ ಕೆಳಗಿಟ್ಟು, ‘ಅಮ್ಮ, ಇನ್ನು ಇವರು ನನ್ನನ್ನು ಕೇಳದೆ ಒಂದು ಕಡ್ಡಿ ಅಲ್ಲಾಡಿಸುದಿಲ್ಲ’ ಎಂದರು. ಅಲ್ಲಾಡಿಸಲಿಲ್ಲ.

ಮರುದಿನ ಮರದ ಮಿಲ್ಲಿನಿಂದ ದಪ್ಪ ಕಾಟುಮರದ ತುಂಡುಗಳನ್ನು ತಂದು, ಎರಡು ಉದ್ದಕ್ಕೆ ಎರಡು ಅಡ್ಡಕ್ಕೆ ಪೇರಿಸಿ, ಅದರ ಮೇಲೆ ಗಾಡಿ ಕೂರಿಸಿದೆವು. ಕತ್ತರಿಸಿದ ಸಲಾಕೆ ಅಡಿಯಲ್ಲಿ ಸಲೀಸಾಗಿ ಹೋಯಿತು.

ಮೂರು ಭಾಷೆಯ ‘ಮೂ’

ಗೇರ್‌ಬಾಕ್ಸ್ ಸಮೇತ ಎಂಜಿನ್ ಜಾಕಿನ ಮೇಲೆ ಕೂತು, ರಬ್ಬರ್ ಮೌಂಟಿಂಗಿನ ಕೊನೆಯ ಬೋಲ್ಟು ಬಿಟ್ಟಾಗ ಗಂಟೆ ಹನ್ನೊಂದು. ‘ಪದುಕ್ಕೆ, ಪದುಕ್ಕೆ’ ಎಂದು ಕಾಕ, ‘ಮೆಲ್ಲ, ಮೆಲ್ಲ’ ಎಂದು ತೋಟದ ಕೆಲಸಕ್ಕೆ ಬಂದ ತುಳುವಿನವರು, ‘ನಿಧಾನ’ ಎಂದು ಅಣ್ಣ. ಒಂದು ಹಳೆಯ ಟಯರಿನ ಮೇಲೆ ಅದು ಇಳಿದು ಕೂತಿತು. ಅಲ್ಲಿಂದ ಗೋಣಿಯ ಮೇಲೆ ಹಾಕಿ ಎಡಬದಿಯ ಬಾಗಿಲಿನಡಿಯಿಂದ ಎಳೆಯಬೇಕು. ಐದು ಜನ. ಎಣಿಸಿ ಒಟ್ಟಿಗೆ ಎಳೆಯುವ ಎಂದರೆ ಒಬ್ಬರು ಒಂದು, ಎರಡು, ಮೂರು ಎಂದರು, ಒಬ್ಬರು ಒಂಜಿ, ರಡ್ಡ್, ಮೂಜಿ ಎಂದರು, ಕಾಕನದ್ದು ಒನ್ನ್, ರಂಡ್, ಮೂನ್ನ್. ನಮ್ಮ ಪುಣ್ಯಕ್ಕೆ ಮೂರೂ ಭಾಷೆಯಲ್ಲಿ ಮೂರು ಶುರುವಾಗುವುದು ‘ಮೂ’ ಎಂದೇ. ‘ಮೂ’ ಎಂದ ಕೂಡಲೇ ಎಳೆದೆವು. ಬಂತು.

ಬೋರ್‌ವೆಲ್ಲಿನ ಪಂಪು ಎತ್ತುವವರ ಮೂರು ಕಾಲಿನ ಕಬ್ಬಿಣದ ಕಂಬ, ಚೈನ್ ಪುಲ್ಲಿ ಬಾಡಿಗೆಗೆ ತಂದಿದ್ದೆವು. ಹಳೆಯದನ್ನು ಅದರಿಂದ ಎತ್ತಿ ಬದಿಗಿಟ್ಟು ಗೇರ್‌ಬಾಕ್ಸ್ ಬೇರೆ ಮಾಡಿದೆವು. ಹೊಸದೆಂದು ಕರೆಯುವ ಹಳೆಯದಕ್ಕೆ ವಾಲ್ವ್ ತೀಡಿಸಿ, ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟು, ನೀರಿನ ಪಂಪು, ಹಿಂದಿನ ಆಯಿಲ್ ಸೀಲು, ಕ್ಲಚ್ ಪ್ಲೇಟು ಬದಲಿಸಲಾಗಿತ್ತು. ಎಂಜಿನ್ ಹೊರಗೆ ಇರುವಾಗ ಇವೆಲ್ಲ ಒಂದು ಗಂಟೆಯ ಕೆಲಸ. ಒಳಗೆ ಕೂತ ಮೇಲೆ ಒಂದು ಆಯಿಲ್ ಸೀಲಿಗೆ ಪುನಃ ಇದೇ ರಾಮಾಯಣ. ಈ ಜಾಗದಲ್ಲಿ ಜಿಪುಣತನ ಮಾಡುವವರು ಬಹಳ, ನಾವೂ ಕ್ಲಚ್ ಪ್ಲೇಟು ಹಳೆಯದೇ ಸಾಕು ಎಂದಿದ್ದವರು.

ಏರಿಸಿದ್ದು ಇಳಿಸಿದ್ದಕ್ಕಿಂತ ಬೇಗ ಆಯಿತು. ಚಾವಿ ತಿರುಗಿಸಿದಾಗ ಮಾತ್ರ ಗಾಡಿ ಕೆಮ್ಮಿ, ಸೈಲೆನ್ಸರಿನಲ್ಲಿ ಕದಿನ ಹೊಡೆದ ಹಾಗೆ ಶಬ್ದ ಮಾಡಿತು. ಹುಡುಗನ ಫೋಟೊದಲ್ಲಿ ಪ್ಲಗ್ಗಿನ ವಯರುಗಳು ಒಂದರ ಹಿಂದೆ ಒಂದು ಅಡಗಿ ಯಾವುದು ಯಾವುದೆಂದು ಕಾಣುತ್ತಿರಲಿಲ್ಲ. ಬಾವನ ಮದುವೆ ಕಾಗದ ಹುಡುಕಿ ನೋಡಿದರೆ ಎರಡು, ಮೂರು ಅದಲು ಬದಲಾಗಿತ್ತು. ಈ ಎಂಜಿನಿನಲ್ಲಿ ಕಿಡಿ ಹೋಗುವ ಕ್ರಮ 1-3-2. ಸರಿ ಮಾಡಿದ ಮೇಲೆ ಒಂದೇ ಸಲಕ್ಕೆ ಶುರುವಾಯಿತು. ಬಾವ ಏನೂ ಹೇಳಲಿಲ್ಲ, ಕಾಗದವನ್ನು ಹುಡುಗನ ಕಿಸೆಗೆ ಹಾಕಿದರು. ರೇಡಿಯೇಟರ್ ಮುಂದೆ, ಎಂಜಿನ್ ಸೀಟಿನಡಿ, ನಡುವೆ ಉದ್ದದ ಪೈಪು ಇರುವುದರಿಂದ ಒಳಗೆ ಗಾಳಿ ನಿಲ್ಲುತ್ತದೆ. ಮೂತಿ ಎತ್ತಿಯೇ ಇಟ್ಟು, ಮುಚ್ಚಳ ತೆಗೆದು, ಗುಳ್ಳೆ ನಿಲ್ಲುವ ತನಕ ಓಡಿಸಿ ನೀರು ತುಂಬಿದೆವು. ಇದನ್ನು ಬಿಟ್ಟರೆ ಹೊಸ ಎಂಜಿನೂ ಕುಂಬಳೆ ದಾಟುವಾಗ ಹಳೆಯದರ ದಾರಿ ಹಿಡಿಯುತ್ತಿತ್ತು.

ನಂಬರಿನ ಪ್ರಶ್ನೆ

ಎಂಜಿನ್ ಬದಲಾದರೆ ಆರ್‌ಸಿಯಲ್ಲಿ ಬರೆದ ಎಂಜಿನ್ ನಂಬರೂ ಬದಲಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೆ ಸಂಬಂಧಿಸಿದ್ದು. ಬದಲಾವಣೆಯಾದ 14 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಮಾಡಬೇಕು. ಯಾರು ನೋಡುತ್ತಾರೆ ಎಂದು ಬಿಟ್ಟರೆ ಎರಡು ಕಡೆ ಸಿಕ್ಕಿಬೀಳುವುದು. ಒಂದು, ಅಪಘಾತವಾಗಿ ವಿಮೆ ಕೇಳುವಾಗ. ಇನ್ನೊಂದು, ನವೀಕರಣಕ್ಕೆ ಗಾಡಿ ತೋರಿಸುವಾಗ. ಸ್ವಂತ ಬಳಕೆಯ ಗಾಡಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನಮ್ಮ 1996ರ ಗಾಡಿಗೆ 2011, 2016, 2021 ಆಗಿ, ಮುಂದಿನದು 2026ರಲ್ಲಿ. ನಂಬರು ಹೊಂದದಿದ್ದರೆ ಅಲ್ಲಿಗೆ ಈ ವ್ಯಾನಿನ ಆಯುಸ್ಸು ಮುಗಿಯುತ್ತಿತ್ತು.

ಒಂಬತ್ತನೆಯ ದಿನ ಅಣ್ಣ ಅರ್ಜಿ ಹಾಕಿದ. ಪರಿಶೀಲನೆಗೆ ಗಾಡಿ ತನ್ನಿ ಎಂದರು. ಅಧಿಕಾರಿ ಸೀಟು ಎತ್ತಿಸಿ, ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, ‘ಬಿಲ್ ಉಂಡೋ?’

‘ಉಂಟು’ ಎಂದ ಅಣ್ಣ, ಕನ್ನಡದಲ್ಲೇ. ಬಿಲ್ಲನ್ನೂ ರದ್ದಾದ ಗಾಡಿಯ ಕಾಗದವನ್ನೂ ಮುಂದಿಟ್ಟ. ಅವರು ಎರಡೂ ಕಡೆಯ ನಂಬರನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಆ ಒಂದು ನಿಮಿಷ ನನಗೆ ಮಂಗಳೂರಿನ ಆ ಚೆಂದದ ಎಂಜಿನ್ ಕಣ್ಣಮುಂದೆ ಬಂತು.

ತಿದ್ದಿದ ಆರ್‌ಸಿ ಇನ್ನೂ ಕೈಗೆ ಬಂದಿರಲಿಲ್ಲ, ಅರ್ಜಿಯ ರಸೀದಿ ಡ್ಯಾಶ್‌ಬೋರ್ಡಿನಲ್ಲಿ ಇತ್ತು. ಅದನ್ನು ಇಟ್ಟುಕೊಂಡೇ ಡಿಸೆಂಬರಿನ ಮೊದಲ ವಾರ ಅಮ್ಮನನ್ನು ಮಂಗಳೂರಿಗೆ ಕರೆದುಕೊಂಡು ಹೋದೆವು. ಮಣೆ ಇಟ್ಟೆವು, ಹತ್ತಿ ಕೂತರು. ತಲಪಾಡಿ ದಾಟಿದ ಮೇಲೆ ‘ಮೊದಲಿನಷ್ಟು ಶಬ್ದ ಇಲ್ಲ’ ಎಂದರು. ಅಣ್ಣ ಕನ್ನಡಿಯಲ್ಲಿ ಅವರ ಮುಖ ನೋಡಿದ, ಅವರು ಆಗಲೇ ಕಣ್ಣು ಮುಚ್ಚಿದ್ದರು.

ಹಳೆಯ ಎಂಜಿನ್ ಹಿತ್ತಿಲಿನ ಕೊಟ್ಟಿಗೆಯ ಬದಿಯಲ್ಲಿ ಟಯರಿನ ಮೇಲೆಯೇ ಇದೆ. ಗುಜರಿಯವರು ಎರಡು ಸಲ ಬಂದು ಕಿಲೋ ಲೆಕ್ಕದಲ್ಲಿ ಕೇಳಿದರು. ಅದರ ನಂಬರು ಕಾಗದದಿಂದ ಹೋಗುವ ತನಕ ಕೊಡುವುದು ಬೇಡ ಎಂದು ಕಾಕ ಹೇಳಿದ್ದಾರೆ. ಸದ್ಯಕ್ಕೆ ಅದರ ಮೇಲೆ ಕೋಳಿ ಕೂರುತ್ತದೆ.